ಪೊರಕೆಗಾಡಿಯ ಆರ್ಮೆಲ್

ಆರ್ಮೆಲ್ ತ್ರೇಗೆರಳ ಕೆಲಸ ಹಿಂದೆ ಉಳಿಯುವುದು. ಅದನ್ನು ಅವಳಷ್ಟು ಚೆನ್ನಾಗಿ ಮಾಡುವವರು ಕಾರೆ ಪಟ್ಟಣದಿಂದ ಕಮಾರೆ ಬಂದರಿನವರೆಗೆ ಇನ್ನೊಬ್ಬರಿರಲಿಲ್ಲ. ಸೈಕಲ್ಲಿನ ಮೇಲೆ ರಜೆ ಕಳೆಯಲು ಬರುವ ಅತಿಥಿಗಳನ್ನು ಸವಾರಿ ಏರ್ಪಡಿಸುವ ಗುಲ್ವೆನ್ ಮುಂದೆ ನಿಂತು ನಡೆಸುತ್ತಿದ್ದ. ಅವರ ಚೀಲ, ಬಿಡಿ ಚಕ್ರ, ಮಧ್ಯಾಹ್ನದ ಬುತ್ತಿಗಳನ್ನು ಹೊತ್ತ ಬಿಳಿಯ ವ್ಯಾನನ್ನು ಆರ್ಮೆಲ್ ಎಲ್ಲರಿಗಿಂತ ಹಿಂದೆ ಓಡಿಸುತ್ತಿದ್ದಳು. ಸೈಕಲ್ ಪಂದ್ಯಗಳಲ್ಲಿ ಕಟ್ಟಕಡೆಗೆ ಬಂದು, ಕೈಚೆಲ್ಲಿದ ಸವಾರರನ್ನು ಗುಡಿಸಿಕೊಂಡು ಹೋಗುವ ಗಾಡಿಗೆ ಆ ನಾಡಿನಲ್ಲಿ ಪೊರಕೆಗಾಡಿ ಎಂದೇ ಹೆಸರು. ರಜೆಯ ಸವಾರಿಯಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ. ಆದರೂ ಹೆಸರು ಹಾಗೆಯೇ ಉಳಿದಿತ್ತು; ಹೆಸರಿನೊಡನೆ ಅದರ ಕಟ್ಟುಪಾಡೂ ಉಳಿದಿತ್ತು.

ಕಟ್ಟುಪಾಡು ಅವಳ ತಂದೆ ಫಾಂಶ್‌ನಿಂದ ಬಂದದ್ದು. ವಾರವೆಲ್ಲ ಕಲ್ಲುಗಣಿಯಲ್ಲಿ ದುಡಿದು, ಬೇಸಿಗೆಯ ಭಾನುವಾರಗಳಂದು ಊರಿನ ಸೈಕಲ್ ಸಂಘದ ಪೊರಕೆಗಾಡಿಯನ್ನು ಓಡಿಸುತ್ತಿದ್ದ ಮನುಷ್ಯ ಆತ. ಇಬ್ಬರು ಹೆಣ್ಣುಮಕ್ಕಳನ್ನೂ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂರಿಸಿಕೊಂಡು ಅವನು ಪದೇ ಪದೇ ಹೇಳುತ್ತಿದ್ದುದು ಒಂದೇ: "ಹಿಂದೆ ಬಿದ್ದೋನನ್ನ ಕರೀಬಾರದು. ಅವನೇ ಇಳಿದು, ಈ ಕಡೆ ತಿರುಗಿ, ಕೈ ಎತ್ತಬೇಕು. ನಾವಾಗಿ ಕರೆದ್ವೋ, ಅವನು ಸೋತ ಅಂತ ಊರಿಗೆಲ್ಲ ಸಾರಿದ ಹಾಗೆ." ಕರೆಯದಿದ್ದರಷ್ಟೇ ಸಾಲದು, ಗಾಡಿಯ ಸದ್ದೂ ಅವನ ಕಿವಿಗೆ ಬೀಳಬಾರದು, ಬೆನ್ನ ಹಿಂದೆ ಗುರುಗುಡುವ ಎಂಜಿನ್ ಕೂಡ ಒಂದು ಬಗೆಯ ಕರೆಯೇ. ಆದುದರಿಂದ ಆರ್ಮೆಲ್ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ದಾರಿಬದಿಯ ಬೇಲಿ ಎಷ್ಟು ದಟ್ಟವಾಗಿದೆ ಎಂದು ನೋಡಿಯೇ ಅಂತರವನ್ನು ಇಡುತ್ತಿದ್ದಳು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ಮುಚ್ಚಿಹೋಗಿ, ಗುಲ್ವೆನ್‌ನ ಬಳಿ ಅವಳು ಕೆಲಸಕ್ಕೆ ಸೇರಿದಂದಿನಿಂದ ಆ ಅಂತರ ತಪ್ಪಿದ್ದಿಲ್ಲ. "ನಿಮ್ಮ ಗಾಡಿ ಇತ್ತು ಅನ್ನೋದೇ ಮರೆತುಹೋಗಿತ್ತು, ಮದಾಂ" ಎಂದು ಕೊನೆಯ ದಿನ ಯಾರಾದರೂ ಹೇಳಿದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ.

ಜೂನ್ ಕೊನೆಯ ಗುಂಪಿಗಾಗಿ ಅಂಗಳದಲ್ಲಿ ಟಯರುಗಳಿಗೆ ಗಾಳಿ ತುಂಬುತ್ತಿದ್ದಾಗ ಗುಲ್ವೆನ್ ಪಂಪಿನಿಂದ ಕಣ್ಣೆತ್ತದೆಯೇ ಹೇಳಿದ:

"ನಿನ್ನಕ್ಕ ಬರ್ತಿದಾಳೆ."

"ಎಲ್ಲಿಗೆ?"

"ನಮ್ಮ ಜೊತೆಗೇ. ಅತಿಥಿಯಾಗಿ."

"ಯಾಕೆ, ಅವಳಿಗೆ ದಾರಿ ಮರೆತುಹೋಯ್ತಾ?"

"ನಾನೂ ಅದನ್ನೇ ಅಂದ್ಕೊಂಡೆ. ಹುಟ್ಟಿದೂರು ನೋಡೋಕೆ ಯಾರಾದ್ರೂ ಗೈಡ್ ಇಟ್ಕೋತಾರಾ? ರಜೆ ಕಳೆಯೋಕೆ ಬರ್ತಿಲ್ಲ ಕಣೇ ಅವಳು. ಈ ವರ್ಷವೇ ಮಗಳ ಹತ್ರ ರೆಯೂನಿಯನ್ ದ್ವೀಪಕ್ಕೆ ಹೋಗಿಬಿಡ್ತಾಳಂತೆ. ಪೂರ್ತಿಯಾಗಿ. ಫೋನಲ್ಲಿ ಹೇಳಿದ್ಲು."

"ನಿನಗೆ ಹೇಳಿದ್ಲು."

"ಮತ್ತಿನ್ಯಾರಿಗೆ ಹೇಳ್ತಾಳೆ? ಅವಳು ನಿನಗೆ ಫೋನ್ ಮಾಡಲ್ಲ, ನೀನು ಅವಳಿಗೆ ಮಾಡಲ್ಲ. ಮಧ್ಯದಲ್ಲಿ ನಾನೊಬ್ಬ ಟೆಲಿಫೋನ್ ಕಂಬ."

ಆರ್ಮೆಲ್ ಬ್ರೇಕಿನ ತಂತಿಯನ್ನು ಎಳೆದು ನೋಡಿದಳು. ಅದು ಸರಿಯಾಗಿಯೇ ಇತ್ತು.

ಅಕ್ಕ ರೋಜೆನ್‌ಳೊಡನೆ ಮಾತು ನಿಂತದ್ದು ತಂದೆಯನ್ನು ಮಣ್ಣು ಮಾಡಿದ ದಿನ. ಲಿಯೋನಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ರೋಜೆನ್ ಹೊರಟಿದ್ದ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತ್ತು. 'ನನಗಾಗಿ ಕಾಯಿರಿ' ಎಂದು ಅವಳು ಹೇಳಿಕಳುಹಿಸಲಿಲ್ಲ. 'ಎಲ್ಲಿದ್ದೀಯೆ, ಕಾಯಲೇ' ಎಂದು ಆರ್ಮೆಲ್ ವಿಚಾರಿಸಲಿಲ್ಲ. ಚರ್ಚಿನ ಬಾಗಿಲಲ್ಲಿ ಪಾದ್ರಿಗಳು, "ಇನ್ನೂ ಸ್ವಲ್ಪ ಹೊತ್ತು ನೋಡೋಣವೇ, ಮಗಳೇ?" ಎಂದು ಕೇಳಿದಾಗ ಆರ್ಮೆಲ್, "ಬೇಕಿದ್ರೆ ಅವಳೇ ಹೇಳ್ತಿದ್ಲು, ಫಾದರ್" ಎಂದಳು. ರೋಜೆನ್ ಸ್ಮಶಾನದ ಗೇಟಿನಲ್ಲಿ ಕಾಣಿಸಿಕೊಂಡಾಗ ಆಳುಗಳು ಮಣ್ಣನ್ನು ಸಮಮಾಡಿ ಗುದ್ದಲಿಗಳನ್ನು ಒರೆಸುತ್ತಿದ್ದರು. ಅಕ್ಕತಂಗಿಯರು ಕೆನ್ನೆಗೆ ಕೆನ್ನೆ ತಾಗಿಸಿದರು, ಬಂದವರಿಗೆ ಒಟ್ಟಾಗಿ ಕಾಫಿ ಬಗ್ಗಿಸಿದರು, ಬೇರೆ ಬೇರೆ ದಾರಿ ಹಿಡಿದರು. ಜಗಳವಾಗಿದ್ದರೆ ಒಬ್ಬರಾದರೂ ಕ್ಷಮೆ ಕೇಳಬಹುದಿತ್ತು. ಜಗಳವೇ ಆಗಿರಲಿಲ್ಲ.

ಈಗ ಅಕ್ಕ ಸಾಗರದಾಚೆಗೆ ಹೊರಟಿದ್ದಳು. ಕಮಾರೆ ತಲುಪುವುದರೊಳಗೆ ಇದನ್ನು ಮುಗಿಸಬೇಕು, ಅವಳು ಒಂದು ಮಾತು ಆಡಿದರೆ ತಾನು ಹತ್ತು ಒಳ್ಳೆಯ ಮಾತು ಆಡಬೇಕು ಎಂದು ಆರ್ಮೆಲ್ ನಿಶ್ಚಯಿಸಿಕೊಂಡಳು. ಉತ್ತರ ಕೊಡುವುದಕ್ಕೆ ಅವಳು ಮನಃಪೂರ್ವಕವಾಗಿ ಸಿದ್ಧಳಾಗಿದ್ದಳು. ಮೊದಲ ಮಾತು ತನ್ನದೂ ಆಗಬಹುದೆಂಬುದು ಅವಳಿಗೆ ಹೊಳೆಯಲಿಲ್ಲ.

ರೈಲು ನಿಲ್ದಾಣದಲ್ಲಿ ಅತಿಥಿಗಳು ಒಬ್ಬೊಬ್ಬರಾಗಿ ಇಳಿದರು. ಲೀಲ್ ಪಟ್ಟಣದ ನಿವೃತ್ತ ದಂತವೈದ್ಯ ವಾತ್ರೆಲೊ ಇಳಿಯುವ ಮೊದಲೇ ನಗುತ್ತಿದ್ದ. ಕೊನೆಯಲ್ಲಿ ಇಳಿದ ರೋಜೆನ್‌ಳ ಕೂದಲು ಪೂರ್ತಿ ನರೆತಿತ್ತು. ನಡಿಗೆ ಮಾತ್ರ ಫಾಂಶ್‌ನದೇ, ಎಡ ಭುಜ ತುಸು ಮುಂದೆ. ಆರ್ಮೆಲ್ ಎಲ್ಲರಿಗೂ ಹೇಳಿದ ಮಾತನ್ನೇ ಅವಳಿಗೂ ಹೇಳಿದಳು:

"ನಿಮ್ಮ ಚೀಲ ಕೊಡಿ."

ರೋಜೆನ್ ಒಂದು ಕ್ಷಣ ಅವಳನ್ನೇ ದಿಟ್ಟಿಸಿದಳು. ಆಮೇಲೆ ಚೀಲ ಕೊಟ್ಟು, "ಥ್ಯಾಂಕ್ಸ್, ಮದಾಂ. ನಿಮಗೆ ಭಾರ ಆಗ್ಲಿಲ್ಲ ತಾನೆ?" ಎಂದಳು.

ಹೀಗೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು 'ನೀವು' ಎಂದುಕೊಂಡು ಪ್ರಯಾಣವನ್ನು ಆರಂಭಿಸಿದರು.

ಮೊದಲ ದಿನಗಳ ದಾರಿ ಕಾಲುವೆಯ ದಂಡೆಯಗುಂಟ. ಏರಿಳಿತವಿಲ್ಲ, ಎರಡೂ ಬದಿಗೆ ಮರಗಳ ನೆರಳು, ದೋಣಿಗಳನ್ನು ದಾಟಿಸುವ ನೀರಿನ ಬಾಗಿಲುಗಳ ಬಳಿ ಕಾವಲುಗಾರರ ಪುಟ್ಟ ಮನೆಗಳು. ಅಲ್ಲಿ ವ್ಯಾನಿಗೆ ಪ್ರವೇಶವಿಲ್ಲದ್ದರಿಂದ ಆರ್ಮೆಲ್ ಹಳ್ಳಿಗಳ ದಾರಿಯಾಗಿ ಸುತ್ತಿ ಬಂದು, ಸೇತುವೆಗಳ ಬಳಿ ಮೇಜು ಬಿಡಿಸಿ ಊಟ ಹರಡುತ್ತಿದ್ದಳು: ರೊಟ್ಟಿ, ಸಾರ್ಡೀನ್ ಮೀನು, ಮೂಲಂಗಿ, ಉಪ್ಪು ಬೆರೆಸಿದ ಬೆಣ್ಣೆ, ಸೇಬಿನ ಮದ್ಯ ಸೀಡರ್.

"ಮದಾಂ, ನಿಮ್ಮ ಗಾಡಿ ಥೇಟ್ ನಮ್ಮತ್ತೆ ಹಾಗೆ" ಎಂದ ವಾತ್ರೆಲೊ, ಬೆಣ್ಣೆಯನ್ನು ಗಾರೆ ಬಳಿದಂತೆ ರೊಟ್ಟಿಗೆ ಬಳಿಯುತ್ತ. "ಕಣ್ಣಿಗೆ ಕಾಣ್ಸಲ್ಲ, ಆದ್ರೆ ಹಿಂದೆ ಇದಾಳೆ ಅನ್ನೋದು ಬೆನ್ನಿಗೆ ಗೊತ್ತಾಗುತ್ತೆ."

"ನಿಮ್ಮತ್ತೆ ನಿಮಗೆ ಊಟ ಹಾಕ್ತಿದ್ರಾ?" ಎಂದಳು ಆರ್ಮೆಲ್.

"ಹಾಕ್ತಿದ್ರು. ಹಾಕಿ, ಎಷ್ಟು ತಿಂದೆ ಅಂತ ಮಗಳಿಗೆ ವರದಿ ಒಪ್ಪಿಸ್ತಿದ್ರು!"

ಎಲ್ಲರೂ ನಕ್ಕರು. ರೋಜೆನ್ ಕೂಡ ನಕ್ಕು, ಯಾರ ಮುಖವನ್ನೂ ನೋಡದೆ ಹೇಳಿದಳು: "ಈ ಸೀಮೆಯೋರೇ ಹೀಗೆ, ಡಾಕ್ಟ್ರೇ. ಬೆಣ್ಣೆಗೆ ಉಪ್ಪು ಧಾರಾಳ, ಮಾತಿಗೆ ಬಲು ಜಿಪುಣತನ."

ಮೇಜಿನ ಆ ತುದಿಯಲ್ಲಿದ್ದ ಆರ್ಮೆಲ್ ಚಾಕುವನ್ನು ಒರೆಸಿಟ್ಟಳು. "ಮಾತು ಬೇಕಾದೋರು ಕೇಳಿದ್ರೆ ಸಿಗುತ್ತೆ, ಮದಾಂ."

"ಕೇಳೋ ತನಕ ಕಾಯ್ತಾರಲ್ಲ, ಅದೇ ನಾನು ಹೇಳಿದ್ದು."

ಅತಿಥಿಗಳಿಗೆ ಇದೂ ತಮಾಷೆಯಂತೆಯೇ ಕೇಳಿಸಿತು. ಗುಲ್ವೆನ್ ಮಾತ್ರ ಸೀಡರಿನ ಲೋಟವನ್ನು ಕೆಳಗಿಟ್ಟ. ಆ ಸಂಜೆ ವಸತಿಗೃಹದ ಹಿತ್ತಲಿನಲ್ಲಿ ಸೈಕಲ್ಲುಗಳಿಗೆ ಸರಪಳಿ ಹಾಕುವಾಗ ಅವನು ಆರ್ಮೆಲ್‌ಳನ್ನು ತಡೆದ.

"ಅವಳು ಬಾಗಿಲು ತಟ್ಟಿದ್ದು ನಿನಗೆ ಕೇಳಿಸ್ಲಿಲ್ವಾ?"

"ಎಲ್ಲರ ಮುಂದೆ ಚುಚ್ಚಿದ್ಲು. ಅದು ತಟ್ಟೋದಾ?"

"ನಿಮ್ಮ ಮನೇಲಿ ಅದಕ್ಕಿಂತ ಮೆತ್ತಗೆ ಯಾರು ತಟ್ಟಿದಾರೆ? ಹೋಗೇ, ಅಕ್ಕಾ ಅನ್ನು, ಪಕ್ಕದಲ್ಲಿ ಕೂತ್ಕೋ. ಅಷ್ಟೇ."

"ಬಂದಿರೋಳು ಅವಳು. ಹೇಳೋದಿದ್ರೆ ಅವಳೇ ಹೇಳ್ತಾಳೆ."

"ಅಯ್ಯೋ, ಮಾರಾಯ್ತಿ! ಅವಳು ದೇಶದ ಆ ಕೊನೆಯಿಂದ ಬಂದಿದಾಳೆ. ನೀನು ಹಿತ್ತಲಿಂದ ಜಗಲಿಗೆ ಹೋಗ್ಬೇಕು."

ಆರ್ಮೆಲ್ ಹೋಗಲಿಲ್ಲ. ಹೋಗಬಾರದೆಂದು ತೀರ್ಮಾನಿಸಿದ್ದೂ ಅಲ್ಲ. ನಾಳೆ ಇದೆ ಎಂದುಕೊಂಡಳು. ನಾಳೆ ಇದ್ದೇ ಇರುವುದರಿಂದಲೇ ಇಂಥವರು ಅದನ್ನು ಇಷ್ಟು ಸುಲಭವಾಗಿ ಖರ್ಚು ಮಾಡುತ್ತಾರೆ.

ಮರುದಿನ ಕಾಲುವೆಯ ದಾರಿ ಮುಗಿಯುವಲ್ಲಿ ರೋಜೆನ್‌ಳ ಸೈಕಲ್ಲಿನ ಚೈನು ಕಳಚಿತು. ಉಳಿದವರು ಮುಂದೆ ಹೋಗಿದ್ದರು. ರೋಜೆನ್ ಇಳಿದು, ಸೇತುವೆಯ ಮೇಲೆ ಕಾಯುತ್ತಿದ್ದ ವ್ಯಾನಿನತ್ತ ತಿರುಗಿ, ಕೈ ಎತ್ತಿದಳು. ಸೈಕಲ್ ಕೆಟ್ಟಾಗ ಕೈ ಎತ್ತುವುದರಲ್ಲಿ ಅವಮಾನವೇನೂ ಇರಲಿಲ್ಲ. ಆರ್ಮೆಲ್ ಬಂದು ಮೊಣಕಾಲೂರಿ ಕುಳಿತು ಚೈನನ್ನು ಏರಿಸಿ, ಹಲ್ಲುಚಕ್ರವನ್ನು ಬಟ್ಟೆಯ ತುದಿಯಿಂದ ಸಂದುಸಂದಿನಲ್ಲೂ ಒರೆಸತೊಡಗಿದಳು.

"ಅಪ್ಪ ಹೀಗೇ ಒರೆಸ್ತಿದ್ದ" ಎಂದಳು ರೋಜೆನ್. ದನಿ ಮೆತ್ತಗಿತ್ತು. "ನಾಲಿಗೆ ತುದಿ ಹೊರಗೆ ಹಾಕ್ಕೊಂಡು."

ಆರ್ಮೆಲ್‌ಳ ಕೈ ನಿಂತಿತು. ತಂದೆ ಕೊನೆಯ ವರ್ಷದಲ್ಲಿ ಬಾಯಿ ತಿರುಚಿಹೋಗಿ, ಹಾಸಿಗೆಯ ಮೇಲೆ ಕುಳಿತು, ಇಲ್ಲದ ಚೈನನ್ನು ಹೊದಿಕೆಯ ಅಂಚಿನಿಂದ ಒರೆಸುತ್ತಿದ್ದುದನ್ನು ಈ ಜಗತ್ತಿನಲ್ಲಿ ಹೇಳಿಕೊಳ್ಳಬಹುದಾದವಳು ಇವಳೊಬ್ಬಳೇ. 'ಕೊನೆಗಾಲದಲ್ಲೂ ನಿನ್ನ ಹೆಸರನ್ನೇ ಕರೆಯುತ್ತಿದ್ದ' ಎಂಬ ಮಾತು ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ಅಕ್ಕನಿಗೆ ನೋವಾಗುವುದೋ ಸಮಾಧಾನವಾಗುವುದೋ ತಿಳಿಯಲಿಲ್ಲ.

"ಚೈನು ಸವೆದಿದೆ" ಎಂದಳು ಆರ್ಮೆಲ್. "ಗುಡ್ಡ ಹತ್ತುವಾಗ ಒಮ್ಮೆಲೇ ಗೇರ್ ಬದಲಾಯಿಸ್ಬೇಡಿ."

"ಸರಿ" ಎಂದಳು ರೋಜೆನ್. ಸೈಕಲ್ ಏರಿದವಳು ತಿರುಗಿ ನೋಡಲಿಲ್ಲ.

ಕೊನೆಯ ದಿನ ಮೆನೆಜ್ ಓಮ್ ಗುಡ್ಡ. ಅದನ್ನು ಹತ್ತಿ ಇಳಿದರೆ ಸಮುದ್ರ. ಸಮುದ್ರದ ಅಂಚಿನಲ್ಲಿ ಕಮಾರೆ. ಗಾಳಿ ಎದುರಿನಿಂದ ಬೀಸುತ್ತಿತ್ತು. ವಾತ್ರೆಲೊ ತನ್ನ ಹಲ್ಲುಗಳ ಮೇಲೆ ಆಣೆಯಿಟ್ಟು ಗುಡ್ಡವನ್ನು ಬೈಯುತ್ತ ಬೈಯುತ್ತಲೇ ಹತ್ತಿದ. ಅವನ ಹಿಂದೆ ಉಳಿದವರು ಹೋದರು. ಕಟ್ಟಕಡೆಯಲ್ಲಿ ರೋಜೆನ್, ಅವಳಿಗೂ ಹಿಂದೆ, ಒಂದು ತಿರುವಿನಷ್ಟು ಅಂತರದಲ್ಲಿ, ವ್ಯಾನು.

ಮರಗಳು ಮುಗಿದು ಕುರುಚಲು ಪೊದೆಗಳಷ್ಟೇ ಉಳಿಯುವಲ್ಲಿ ರೋಜೆನ್ ಸೈಕಲ್ಲಿನಿಂದ ಇಳಿದಳು. ತುಸು ದೂರ ತಳ್ಳಿಕೊಂಡು ನಡೆದು, ಸೈಕಲ್ಲನ್ನು ಪೊದೆಯ ಮೇಲೆ ಮಲಗಿಸಿ, ದಾರಿಬದಿಯ ಬಂಡೆಯ ಮೇಲೆ ಕುಳಿತಳು. ಬೆನ್ನು ದಾರಿಯ ಕಡೆಗಿತ್ತು, ಮುಖ ಕೊಲ್ಲಿಯ ಕಡೆಗೆ. ಆರ್ಮೆಲ್ ಕೆಳಗಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದಳು.

ಅವಳು ಕಾದಳು. ಅಕ್ಕ ತಿರುಗಲಿಲ್ಲ, ಕೈ ಎತ್ತಲಿಲ್ಲ. ಕೊಲ್ಲಿಯ ಕಡೆಯಿಂದ ಮಂಜು ಎದ್ದು ಗುಡ್ಡವನ್ನು ಏರತೊಡಗಿತು. ಅಕ್ಕನ ತೆಳುವಾದ ಜಾಕೆಟ್ಟು ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ವ್ಯಾನಿನಲ್ಲಿ ಬಿಸಿ ಕಾಫಿ ಇತ್ತು, ಉಣ್ಣೆಯ ಹೊದಿಕೆ ಇತ್ತು. ಆರ್ಮೆಲ್ ಕಾಫಿಯ ಫ್ಲಾಸ್ಕನ್ನು ಕೈಗೆ ತೆಗೆದುಕೊಂಡು, ಬಾಗಿಲು ತೆರೆದು, ಒಂದು ಕಾಲನ್ನು ರಸ್ತೆಯ ಮೇಲಿಟ್ಟಳು. ಆಗ ಅವಳಿಗೆ ಅನ್ನಿಸಿದ್ದು ಇದು: ಈಗ ನಾನು ಹೋದರೆ ನೀನು ಸೋತೆ ಎಂದು ಹೇಳಲು ಹೋದಂತೆ. ಇಷ್ಟು ವಯಸ್ಸಾದ ಮೇಲೆ, ನಮ್ಮಪ್ಪ ಪೊರಕೆಗಾಡಿ ಓಡಿಸಿದ ಗುಡ್ಡದ ಮೇಲೆ, ಅದೂ ಈ ಗಾಡಿಯಿಂದ ಇಳಿದು ಹೋಗಿ ಹೇಳಿದಂತೆ. ಬೇಡ. ಅವಳ ಮರ್ಯಾದೆ ಅವಳಿಗಿರಲಿ, ತಾನೇ ಹತ್ತುತ್ತಾಳೆ. ಹೀಗೆಂದುಕೊಂಡು ಅವಳು ಕಾಲನ್ನು ಒಳಗೆಳೆದು ಬಾಗಿಲು ಮುಚ್ಚಿದಳು. ಹಾಗೆ ಮುಚ್ಚಿದ್ದು ಪ್ರೀತಿಯಿಂದಲೇ. ಅದನ್ನು ಯಾರು ಅಲ್ಲಗಳೆದರೂ ಆರ್ಮೆಲ್ ಒಪ್ಪುವವಳಲ್ಲ.

ಸ್ವಲ್ಪ ಹೊತ್ತಿಗೆ ರೋಜೆನ್ ಎದ್ದು, ಸೈಕಲ್ಲನ್ನು ತಳ್ಳುತ್ತ ತುದಿಯನ್ನು ಮುಟ್ಟಿದಳು. ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದು ಕೆಳಗಿದ್ದ ಆರ್ಮೆಲ್‌ಗೂ ಕೇಳಿಸಿತು. ಹೆಮ್ಮೆಯಿಂದ ಅವಳ ಕಣ್ಣು ತುಂಬಿ ಬಂತು. ಇಂದು ಸಂಜೆ ಮಾತಾಡುತ್ತೇನೆ, 'ಗೆದ್ದೆ ಕಣೇ' ಎಂದು ತಾನೇ ಆರಂಭಿಸುತ್ತೇನೆ ಎಂದು ಅವಳು ಅಲ್ಲಿಯೇ ನಿರ್ಧರಿಸಿದಳು. ನಿರ್ಧಾರ ಒಳ್ಳೆಯದಾಗಿತ್ತು, ಆದರೆ ಕೆಲವು ನಿಮಿಷ ತಡವಾಗಿ ಬಂದಿತ್ತು.

ಸಂಜೆ ಕಮಾರೆಯ ಬಂದರಿನಲ್ಲಿ, ಮರಳಿನಲ್ಲಿ ಒರಗಿ ಕೊಳೆಯುತ್ತಿದ್ದ ಹಳೆಯ ದೋಣಿಗಳ ಬಳಿ, ರೋಜೆನ್ ಒಬ್ಬಳೇ ನಿಂತಿದ್ದಳು. ಉಳಿದವರು ಊಟದ ಮೇಜಿನ ಸುತ್ತ ಸೇರಿದ್ದರು. ಆರ್ಮೆಲ್ ನೇರವಾಗಿ ಅವಳ ಬಳಿಗೆ ಹೋದಳು.

"ಗೆದ್ದೆ ಕಣೇ ಇವತ್ತು."

ರೋಜೆನ್ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಆರ್ಮೆಲ್‌ಗೆ ಸುಲಭವಾಗುತ್ತಿತ್ತು.

"ಏನನ್ನ?"

"ಗುಡ್ಡಾನ. ಬಂಡೆ ಮೇಲೆ ಕೂತಾಗ ನನಗೆ ಭಯ ಆಗಿತ್ತು, ಕೈ ಎತ್ತಿಬಿಡ್ತೀಯೇನೋ ಅಂತ."

"ನಾನು ಸುಸ್ತಾಗಿ ಕೂತಿರ್ಲಿಲ್ಲ, ಆರ್ಮೆಲ್. ನಿನಗೋಸ್ಕರ ಕೂತಿದ್ದೆ."

ಗಾಳಿಗೆ ದೋಣಿಯೊಂದರ ಸಡಿಲ ಹಲಗೆ ಬಡಿದುಕೊಳ್ಳುತ್ತಿತ್ತು.

"ನೀನು ತಿರುವಿನಲ್ಲಿ ಎಂಜಿನ್ ಆರಿಸಿದ್ದು ನನಗೆ ಗೊತ್ತಾಯ್ತು" ಎಂದಳು ರೋಜೆನ್. "ಬರ್ತಾಳೆ ಅಂದ್ಕೊಂಡೆ. ಬಾಗಿಲು ತೆಗೆದದ್ದು ಕೇಳಿಸ್ತು. ಅಬ್ಬಾ, ಬಂದ್ಲು ಅಂತ ಪಕ್ಕಕ್ಕೆ ಜಾಗ ಕೂಡ ಮಾಡ್ದೆ, ನೋಡು, ಹುಚ್ಚಿ ಹಾಗೆ. ಆಮೇಲೆ ಬಾಗಿಲು ಮುಚ್ಚಿದ್ದೂ ಕೇಳಿಸ್ತು."

"ನಿನ್ನ ಮರ್ಯಾದೆ..." ಎಂದು ಆರ್ಮೆಲ್ ಆರಂಭಿಸಿದಳು. "ಅಪ್ಪ ಹೇಳ್ತಿದ್ದನಲ್ಲ, ಕರೀಬಾರದು ಅಂತ. ನೀನು ಕೈ ಎತ್ತಿದ್ರೆ ನಾನು ಓಡಿ ಬರ್ತಿದ್ದೆ."

"ಅಪ್ಪ ಹೇಳಿದ್ದು ಪಂದ್ಯದೋರಿಗೆ. ನಾನು ಯಾವ ಪಂದ್ಯದಲ್ಲಿದ್ದೆ? ನಿನ್ನಕ್ಕ ನಾನು."

"ಒಂದು ಸಲ ತಿರುಗಿ ನೋಡ್ಬಹುದಿತ್ತಲ್ಲ."

"ನೋಡ್ಬಹುದಿತ್ತು" ಎಂದು ರೋಜೆನ್ ಒಪ್ಪಿಕೊಂಡಳು. "ಆವತ್ತೂ, ರೈಲಿನಿಂದ ಒಂದು ಫೋನ್ ಮಾಡ್ಬಹುದಿತ್ತು. ಮಣ್ಣು ಮಾಡೋದನ್ನ ಕೇಳ್ಕೊಂಡು ನಿಲ್ಲಿಸ್ಕೋಬೇಕಾ, ತಂಗಿ ತಾನಾಗೇ ನಿಲ್ಲಿಸ್ತಾಳೆ ಅಂದ್ಕೊಂಡೆ. ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಕಲಿತೋರು ಕಣೇ. ನನ್ನ ತಪ್ಪು ನಿಂದಕ್ಕಿಂತ ಸಣ್ಣದೇನಲ್ಲ. ಆದ್ರೆ ಈ ಸಲ ನಾನು ಇಷ್ಟು ದೂರ ಬಂದೆ. ಇನ್ನು ಬರೋಕಾಗಲ್ಲ. ದಣಿವಾಗಿದೆ. ಇದು ಗುಡ್ಡದ ದಣಿವಲ್ಲ."

ತಂದೆ ಕೊನೆಗೆ ಕರೆಯುತ್ತಿದ್ದ ಹೆಸರಿನ ಮಾತನ್ನು ಆರ್ಮೆಲ್ ಆಗ ಹೇಳಿದಳು. ರೋಜೆನ್ ಕೇಳಿದಳು, ತಲೆಯಾಡಿಸಿದಳು, "ನಿನ್ನೆ ಸೇತುವೆ ಹತ್ರ ಹೇಳಿದ್ದಿದ್ರೆ ಅತ್ತುಬಿಡ್ತಿದ್ದೆ" ಎಂದಳು. ಈಗ ಅವಳು ಅಳಲಿಲ್ಲ. ತಂಗಿಯ ತೋಳನ್ನು ಒಮ್ಮೆ ಮೆಲ್ಲಗೆ ಒತ್ತಿ, ಎಲ್ಲರಿರುವ ಊಟದ ಮೇಜಿನ ಕಡೆಗೆ ನಡೆದಳು.

ಬೆಳಗ್ಗೆ ಅತಿಥಿಗಳು ರೈಲು ಹಿಡಿಯಲು ಕ್ಯಾಂಪೇರಿಗೆ ಹೋಗುವ ಬಸ್ಸಿಗಾಗಿ ನಿಂತಿದ್ದರು. ವಾತ್ರೆಲೊ ಎಲ್ಲರ ಕೆನ್ನೆಗೂ ಮುತ್ತಿಡುತ್ತ ಎರಡನೆಯ ಸುತ್ತು ಆರಂಭಿಸಿದ್ದ. ಆರ್ಮೆಲ್ ವ್ಯಾನನ್ನು ತಂದು ಸಾಲಿನ ಎದುರಿಗೇ ನಿಲ್ಲಿಸಿ, ಇಳಿದು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಕ್ಕಾ, ಹತ್ತು. ರೈಲಿನ ತನಕ ನಾನೇ ಬಿಡ್ತೀನಿ. ಬೇಕಾದ್ರೆ ಲಿಯೋನ್ ತನಕ ಬರ್ತೀನಿ."

ವಾತ್ರೆಲೊ ಬೆರಗಾಗಿ ಒಬ್ಬಳಿಂದ ಇನ್ನೊಬ್ಬಳತ್ತ ನೋಡಿದ. "ಅಕ್ಕನಾ? ಇಷ್ಟು ದಿನ ನೀವು..." ಎಂದವನು ಗುಲ್ವೆನ್‌ನ ಮೊಣಕೈ ತಿವಿತಕ್ಕೆ ಸುಮ್ಮನಾದ.

"ಬೇಡ, ಆರ್ಮೆಲ್" ಎಂದಳು ರೋಜೆನ್. ದನಿ ದಯೆಯಿಂದ ಕೂಡಿತ್ತು. "ಬಸ್ಸು ಬಂತು ನೋಡು."

ನಿಜವಾಗಿಯೂ ಬಸ್ಸು ಬಂದಿತ್ತು. ರೋಜೆನ್ ತನ್ನ ಚೀಲವನ್ನು ತಾನೇ ಎತ್ತಿಕೊಂಡು ಹತ್ತಿದಳು. ಕಿಟಕಿಯಿಂದ ಅವಳು ಕೈ ಬೀಸಿದಳು, ಎಲ್ಲರಿಗೂ ಸೇರಿಸಿಯೇ.

ಶರತ್ಕಾಲದಲ್ಲಿ ಅವಳು ದ್ವೀಪಕ್ಕೆ ಹೋದಳೆಂದು ಗುಲ್ವೆನ್ ತಿಳಿಸಿದ. ಆರ್ಮೆಲ್ ಈಗ ತಾನೇ ಫೋನ್ ಮಾಡುತ್ತಾಳೆ. ರೋಜೆನ್ ಎತ್ತಿಕೊಳ್ಳುತ್ತಾಳೆ, ಮೊಮ್ಮಕ್ಕಳ ವಿಷಯ ಹೇಳುತ್ತಾಳೆ, ಅಲ್ಲಿನ ಸೆಖೆಯ ವಿಷಯ ಹೇಳುತ್ತಾಳೆ, ತಂಗಿಯ ಆರೋಗ್ಯ ವಿಚಾರಿಸುತ್ತಾಳೆ. ಹೊರಗಿನವರು ಕೇಳಿದರೆ ಯಾವ ಕೊರತೆಯೂ ಇಲ್ಲದ ಮಾತು. ಗುಡ್ಡದ ಮೇಲೆ ಕಾದು ಕುಳಿತಿದ್ದವಳ ದನಿ ಅದರಲ್ಲಿ ಸಿಗುವುದಿಲ್ಲ. ಆರ್ಮೆಲ್ ಅದಕ್ಕಾಗಿ ಪ್ರತಿ ಸಲವೂ ಕಿವಿಗೊಡುತ್ತಾಳೆ.

ವ್ಯಾನನ್ನು ಅವಳು ಬಿಟ್ಟಿಲ್ಲ. ಆದರೆ ಸವಾರರು ಅವಳನ್ನು ಮೊದಲಿನಂತೆ ಹೊಗಳುವುದಿಲ್ಲ. ಯಾರಾದರೂ ತುಸು ಹಿಂದೆ ಬಿದ್ದರೆ ಸಾಕು, ಪಕ್ಕಕ್ಕೇ ಬಂದು ಕಿಟಕಿ ಇಳಿಸುತ್ತಾಳೆ. "ಬಿಡೇ, ಅವರ ಪಾಡಿಗೆ ಅವರನ್ನ. ದೂರು ಬರ್ತಿದೆ" ಎಂದು ಗುಲ್ವೆನ್ ಎರಡು ಸಲ ಹೇಳಿ ನೋಡಿದ, ಮೂರನೆಯ ಸಲ ಹೇಳಲಿಲ್ಲ. ಮೊನ್ನೆ ಮೆನೆಜ್ ಓಮ್‌ನಲ್ಲಿ ನಾರ್ಮಂಡಿಯ ಹೆಂಗಸೊಬ್ಬಳು ಸೈಕಲ್ ನಿಲ್ಲಿಸಿ ಪೊದೆಗಳ ನಡುವೆ ಕುಳಿತಿದ್ದಳು. ಆರ್ಮೆಲ್ ಗಾಡಿಯನ್ನು ಅವಳ ಪಕ್ಕದವರೆಗೂ ತಂದು, ಇಳಿದು, ಕಾಫಿಯನ್ನು ಮುಂದೆ ಹಿಡಿದು, "ಜೊತೇಲಿ ಸ್ವಲ್ಪ ಕೂತ್ಕೊಳ್ಳಲಾ?" ಎಂದು ಕೇಳಿದಳು.

"ಇಲ್ಲ, ಮದಾಂ, ಥ್ಯಾಂಕ್ಸ್" ಎಂದಳು ಆ ಹೆಂಗಸು, ಸ್ವಲ್ಪ ಬೇಸರದಿಂದಲೇ. "ನಾನು ಸುಮ್ನೆ ಸಮುದ್ರ ನೋಡ್ತಿದೀನಿ."

"ಸರಿ" ಎಂದು ಆರ್ಮೆಲ್ ಕಾಫಿಯನ್ನು ಹಿಂದಕ್ಕೆ ತೆಗೆದುಕೊಂಡು ಗಾಡಿ ಹತ್ತಿದಳು.